ಉಳಿದ ಒಂದು

ಚಿತ್ತಾಪುರದ ಆ ಓಣಿಯಲ್ಲಿ ಯಾರ ಮಗ ಪಾಸಾಗಲಿ, ಯಾರ ಮಗಳು ಡುಮ್ಕಿ ಹೊಡೆಯಲಿ, ಮಡಿವಾಳಯ್ಯ ಮಾಸ್ತರರ ಕಟ್ಟೆಯ ಮೇಲೆ ಬರೆಯುವ ತನಕ ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಫಲಿತಾಂಶ ಮೊಬೈಲಿಗೆ ಬಂದಿರಲಿ, ಕಾಲೇಜಿನ ಗೋಡೆಗೆ ಹಚ್ಚಿರಲಿ, ಮನೆಯವರು ಅಂಕಪಟ್ಟಿ ಹಿಡಿದುಕೊಂಡು ಮಾಸ್ತರರ ಮನೆಗೇ ಬರಬೇಕು. ಮಾಸ್ತರರು ಕಟ್ಟೆಯ ಶಹಾಬಾದ ಫರ್ಸಿಯ ಮೇಲೆ ಒಂದು ಕಾಲು ಮಡಚಿ ಕೂತು, ಸೀಮೆಸುಣ್ಣದಿಂದ ಅಂಕಗಳನ್ನು ಒಂದರ ಕೆಳಗೊಂದು ಬರೆದು, ಗೆರೆ ಎಳೆದು, ತುಟಿ ಅಲುಗಿಸದೆ ಕೂಡಿಸಿ ಭಾಗಿಸುತ್ತಿದ್ದರು. ಕೊನೆಗೆ ಬಂದ ಶೇಕಡಾವಾರನ್ನು ದಪ್ಪಗೆ ಬರೆದು, ಪಾಸಾಗಿದ್ದರೆ ಸುತ್ತಲೂ ಚೌಕ ಹಾಕುತ್ತಿದ್ದರು. ನೀಲಿ ಮಿಶ್ರಿತ ಆ ಕಪ್ಪು ಕಲ್ಲಿನ ಮೇಲೆ ಬಿಳಿ ಅಂಕಿ ಎದ್ದು ಕಾಣುತ್ತಿತ್ತು. ಓಣಿಯವರು ಬಂದು ನೋಡಿಕೊಂಡು ಹೋಗುತ್ತಿದ್ದರು.

ಚೌಕ ಬಿದ್ದರೆ ಆ ಮನೆಯ ಹೆಣ್ಣುಮಕ್ಕಳು ಅದರ ಪಕ್ಕ ಒಂದು ಚಿಟಿಕೆ ಸಕ್ಕರೆ ಹಾಕಬೇಕು. ಯಾವಾಗ ಶುರುವಾದ ಪದ್ಧತಿಯೋ ಯಾರಿಗೂ ನೆನಪಿಲ್ಲ. ಇರುವೆಗಳು ಬಂದು ಸಕ್ಕರೆ ತಿಂದು ಹೋದ ಮೇಲೆ, ಮರುದಿನ ಬೆಳಿಗ್ಗೆ ಮಾಸ್ತರರ ಹೆಂಡತಿ ಚಂದಮ್ಮ ಒದ್ದೆ ಬಟ್ಟೆಯಿಂದ ಕಲ್ಲು ಒರೆಸುತ್ತಿದ್ದಳು. ಊರ ಮಂದಿಯ ಬುದ್ಧಿಯನ್ನೆಲ್ಲ ಒರೆಸಿ ಒರೆಸಿ ತನ್ನ ಮೊಣಕಾಲು ಸವೆದವು ಎಂದು ಆಕೆ ಗಂಡನನ್ನು ಕಾಡುವುದಿತ್ತು. ಕಾಡಿದಾಗಲೆಲ್ಲ ಮಾಸ್ತರರಿಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾಗಿ ಬಹಳ ವರ್ಷಗಳಾಗಿದ್ದರೂ ಅವರ ಗತ್ತು ಮಾತ್ರ ನಿವೃತ್ತಿಯಾಗಿರಲಿಲ್ಲ. ಕ್ಯಾಲ್ಕ್ಯುಲೇಟರ್ ಕಂಡರೆ ಮೂಗು ಮುರಿಯುತ್ತಿದ್ದರು. ಐವತ್ತೊಂಬತ್ತೂ ಮುಕ್ಕಾಲನ್ನು ಅರವತ್ತು ಎಂದು ಬರೆಯಿರಿ ಎಂದು ಯಾರಾದರೂ ಬೇಡಿಕೊಂಡರೆ ಸೀಮೆಸುಣ್ಣ ಕೆಳಗಿಟ್ಟು, ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಹಾಗೆ ಮುನಿಸಿಕೊಂಡ ಮಾಸ್ತರರನ್ನು ಹೊರಗೆ ಕರೆತರಲು ಚಂದಮ್ಮನ ಚಹಾ ಬೇಕಾಗುತ್ತಿತ್ತು.

ಎದುರು ಮನೆಯ ಅಮೀರ್‌ಬೀ ಬಳೆ ಮಾರುವವಳು. ಬುಟ್ಟಿ ಹೊತ್ತು ಒಂದು ದಿನ ವಾಡಿ, ಒಂದು ದಿನ ಶಹಾಬಾದ ಎಂದು ತಿರುಗುತ್ತಿದ್ದಳು. ಗಂಡ ತೀರಿಕೊಂಡಾಗ ಮಗಳು ರುಕ್ಸಾರ್ ಇನ್ನೂ ಮೂರನೆಯ ಇಯತ್ತೆಯಲ್ಲಿದ್ದಳು. ತಾಯಿ ವ್ಯಾಪಾರಕ್ಕೆ ಹೋದ ಮೇಲೆ ಹುಡುಗಿ ಮಾಸ್ತರರ ಕಟ್ಟೆಯ ಮೇಲೆ ಕೂಡುತ್ತಿದ್ದಳು. ಸುಮ್ಮನೆ ಕೂತವರನ್ನು ಕಂಡರೆ ಮಾಸ್ತರರಿಗೆ ಆಗದು. ದಿನಪತ್ರಿಕೆ ಕೊಟ್ಟು ದೊಡ್ಡ ದನಿಯಲ್ಲಿ ಓದು ಅನ್ನುತ್ತಿದ್ದರು. ಮನೆಯಲ್ಲಿ ದಖನಿ ಉರ್ದು ಮಾತು, ಕಟ್ಟೆಯ ಮೇಲೆ ಕನ್ನಡ. ಮೊದಮೊದಲು ಹುಡುಗಿಯ ಬಾಯಲ್ಲಿ ಹೆಡ್ಲೈನುಗಳೆಲ್ಲ ಮುರಿದು ಬೀಳುತ್ತಿದ್ದವು, ಮಾಸ್ತರರು ತೊಡೆ ತಟ್ಟಿ ತಟ್ಟಿ ಮತ್ತೆ ಓದಿಸುತ್ತಿದ್ದರು. ಆಮೇಲೆ ಆಕೆ ಓದುವುದನ್ನು ಕೇಳಲಿಕ್ಕೆಂದೇ ಚಂದಮ್ಮ ಒಲೆಯ ಉರಿ ಸಣ್ಣ ಮಾಡಿ ಬಾಗಿಲಿಗೆ ಬಂದು ನಿಲ್ಲುವಂತಾಯಿತು.

ಆ ರುಕ್ಸಾರ್ ಈಗ ಬಿ.ಎ. ಮುಗಿಸಿದ್ದಳು. ದಿನಾ ರೈಲಿನಲ್ಲಿ ಸೇಡಂಗೆ ಹೋಗಿ ಬಂದು ಓದಿದ ಹುಡುಗಿ. ಎಂ.ಎ. ಮಾಡಬೇಕು, ಅದೂ ಕನ್ನಡದಲ್ಲೇ ಮಾಡಬೇಕು ಎನ್ನುವುದು ಆಕೆಯ ಹಟ. ಕಲಬುರಗಿಯಲ್ಲಿ ಒಂದು ಟ್ರಸ್ಟಿನವರು ಹೆಣ್ಣುಮಕ್ಕಳಿಗೆ ಹಾಸ್ಟೆಲ್ಲು, ಊಟ, ಫೀಸು ಎಲ್ಲ ಕೊಟ್ಟು ಎಂ.ಎ. ಓದಿಸುತ್ತಿದ್ದರು. ಷರತ್ತು ಒಂದೇ, ಬಿ.ಎ.ಯ ಆರೂ ಸೆಮಿಸ್ಟರು ಸೇರಿ ಗ್ರೇಡ್ ಪಾಯಿಂಟಿನ ಸರಾಸರಿ ಹತ್ತಕ್ಕೆ ಏಳು ಇರಬೇಕು. ಏಳಕ್ಕೆ ಕೂದಲೆಳೆ ಕಡಿಮೆಯಾದರೂ ಅರ್ಜಿ ತೆಗೆದುಕೊಳ್ಳುವುದಿಲ್ಲ ಎಂದು ಅವರೇ ಬರೆದಿದ್ದರು. ಆರೂ ಸೆಮಿಸ್ಟರಿನ ಅಂಕಪಟ್ಟಿಗಳು ಕೈಗೆ ಬಂದಿದ್ದವು, ಒಟ್ಟು ಸರಾಸರಿ ಅಚ್ಚಾದ ಕೊನೆಯ ಪಟ್ಟಿ ಮಾತ್ರ ಇನ್ನೂ ಬಂದಿರಲಿಲ್ಲ. ಅರ್ಜಿಗೆ ಶನಿವಾರ ಕಡೆಯ ದಿನ. ಗುರುವಾರ ಸಂಜೆ ರುಕ್ಸಾರ್ ಆರೂ ಪಟ್ಟಿಗಳನ್ನು ಹಿಡಿದು ಕಟ್ಟೆಗೆ ಬಂದಳು. ಹಿಂದೆ ಅಮೀರ್‌ಬೀ ನಿಂತಿದ್ದಳು, ಓಢಣಿಯ ಅಂಚಿಗೆ ಸಕ್ಕರೆಯ ಪೊಟ್ಟಣ ಕಟ್ಟಿಕೊಂಡು.

ಮಾಸ್ತರರು ಕನ್ನಡಕ ಏರಿಸಿ ಒಂದೊಂದೇ ಪಟ್ಟಿ ನೋಡಿದರು. ಈ ಹೊಸ ಪದ್ಧತಿ ಅವರಿಗೆ ಹಿಡಿಸಿದ್ದೇ ಅಲ್ಲ. ನೂರಕ್ಕೆ ಇಷ್ಟು ಎಂದು ಹೇಳುವುದನ್ನು ಬಿಟ್ಟು ಅಕ್ಷರವಂತೆ, ಪಾಯಿಂಟಂತೆ. ಆದರೂ ಪ್ರತಿ ಪಟ್ಟಿಯ ಕೆಳಗೆ ಆ ಸೆಮಿಸ್ಟರಿನ ಸರಾಸರಿ ಅಂತ ಒಂದು ಅಂಕಿ ಇದ್ದೇ ಇತ್ತು. ಮೊದಲನೆಯದರಲ್ಲಿ ಐದು ಪಾಯಿಂಟ್ ಎಂಟು. ಅದನ್ನು ನೋಡಿ ಅವರ ಹುಬ್ಬು ಗಂಟಿಕ್ಕಿತು. ಕೊನೆಯದರಲ್ಲಿ ಏಳೂವರೆ. ಹುಡುಗಿ ಮೆಟ್ಟಿಲು ಹತ್ತಿದ ಹಾಗೆ ಹತ್ತುತ್ತಾ ಬಂದಿದ್ದಾಳೆ. ಆರೂ ಅಂಕಿಗಳನ್ನು ಕಲ್ಲಿನ ಮೇಲೆ ಬರೆದರು.

ರುಕ್ಸಾರ್ ಪಟ್ಟಿಯ ಮೇಲೆ ಬೆರಳಿಟ್ಟು ಮೆಲ್ಲಗೆ ಹೇಳಿದಳು. "ಮಾಸ್ತರ್ರಿ, ಇದ್ರಾಗ ಕ್ರೆಡಿಟ್ ಅಂತ ಬಾಜೂಕ ಇನ್ನೊಂದು ಸಾಲು ಅದರಿ."

"ಅದು ಆಫೀಸಿನವರ ಸಲುವಾಗಿ ಇರ್ತದ. ನಮಗ್ಯಾಕದು?" ಎಂದು ಮಾಸ್ತರರು ತಲೆ ಎತ್ತದೆ ಗೆರೆ ಎಳೆದರು.

ಆಕೆ ಬೆರಳು ಹಿಂದೆ ತೆಗೆದುಕೊಂಡಳು. ಮಾಸ್ತರರು ಆರನ್ನೂ ಕೂಡಿಸಿ ಆರರಿಂದ ಭಾಗಿಸಿದರು. ಬಂದದ್ದು ಆರು ಪಾಯಿಂಟ್ ಒಂಬತ್ತು ಆರು. ಇನ್ನೊಮ್ಮೆ ಕೂಡಿಸಿದರು, ಮತ್ತೆ ಅದೇ ಬಂತು. ಕೂದಲೆಳೆ ಅಂದಿದ್ದರಲ್ಲ ಟ್ರಸ್ಟಿನವರು, ಸರಿಯಾಗಿ ಅಷ್ಟೇ ಕಡಿಮೆ.

"ಏಳು ಆಗಲಿಲ್ಲ ಯವ್ವಾ," ಅಂದರು.

ರುಕ್ಸಾರ್ ಅಳಲಿಲ್ಲ, ಪಟ್ಟಿಗಳನ್ನು ಅಲ್ಲೇ ಬಿಟ್ಟು ಮನೆಗೆ ಹೋದಳು. ಅಮೀರ್‌ಬೀ ಅಂಕಿಯನ್ನು ನೋಡುತ್ತಾ ನಿಂತಳು. ಓದಲು ಬಾರದಿದ್ದರೂ ಚೌಕ ಹಾಕಿಲ್ಲ ಎನ್ನುವುದು ಆಕೆಗೆ ಕಾಣುತ್ತಿತ್ತು. ಶಹಾಬಾದಿನ ಒಂದು ಸಣ್ಣ ಶಾಲೆಯವರು ಚಿಕ್ಕ ಮಕ್ಕಳಿಗೆ ಕಲಿಸಲು ಹುಡುಗಿಯನ್ನು ಕೇಳಿದ್ದಾರೆ, ಸೋಮವಾರದಿಂದ ಬಾ ಎಂದಿದ್ದಾರೆ, ಹೂಂ ಎಂದು ತಿಳಿಸಿಬಿಡುತ್ತೇನೆ ಎಂದಳು. ಬೇರೆ ಯಾರನ್ನಾದರೂ ಕೇಳಿ ನೋಡಬಾರದೇ ಎಂದು ಚಂದಮ್ಮ ಬಾಗಿಲಲ್ಲಿ ನಿಂತೇ ಅಂದರೆ, ಅಮೀರ್‌ಬೀ ತಲೆ ಅಲ್ಲಾಡಿಸಿದಳು.

"ಮಾಸ್ತರ್ ಸಾಬ್ ಬರದ ಮ್ಯಾಲ ಇನ್ಯಾರನ್ನ ಕೇಳೂದ್ರಿ ಅಕ್ಕಾ?"

ಸಕ್ಕರೆಯ ಪೊಟ್ಟಣ ಓಢಣಿಯ ಗಂಟಿನಲ್ಲೇ ವಾಪಸು ಹೋಯಿತು.

ಆ ಸಂಜೆ ಮಾಸ್ತರರು ಚಂದಮ್ಮ ಬಡಿಸಿದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟೆದ್ದರು. ತಮ್ಮ ಲೆಕ್ಕ ತಪ್ಪಿರಬಹುದು ಎಂಬ ಅನುಮಾನ ಅವರಿಗೆ ಬರಲೇ ಇಲ್ಲ, ಅಂಥ ಅನುಮಾನ ಬರುವ ಜಾಯಮಾನವೇ ಅವರದಲ್ಲ. ಅವರಿಗೆ ಸಿಟ್ಟು ಬಂದದ್ದು ವಿಶ್ವವಿದ್ಯಾಲಯದ ಮೇಲೆ. ಮೊದಲ ಸೆಮಿಸ್ಟರಿನ ಆ ಐದು ಪಾಯಿಂಟ್ ಎಂಟೇ ಎಲ್ಲವನ್ನೂ ಕೆಳಗೆ ಎಳೆದಿದೆ. ತಮ್ಮ ಕಟ್ಟೆಯ ಮೇಲೆ ಕಲಿತ ಹುಡುಗಿಗೆ ಐದು ಪಾಯಿಂಟ್ ಎಂಟು ಹೇಗೆ ಕೊಡುತ್ತಾರೆ? ಎಲ್ಲೋ ಯಾರೋ ಕಣ್ಣು ಮುಚ್ಚಿ ತಿದ್ದಿದ್ದಾರೆ. ನಾಳೆ ಸೇಡಂಗೇ ಹೋಗಿ ಕಾಲೇಜಿನವರ ಬೆವರಿಳಿಸುತ್ತೇನೆ ಎಂದು ಹೆಂಡತಿಗೆ ಹೇಳಿದರು. ಇಳಿಸಿ ಬನ್ನಿ, ಬರುವಾಗ ಹಸಿಮೆಣಸಿನಕಾಯಿ ತನ್ನಿ ಎಂದಳು ಚಂದಮ್ಮ. ಆದರೆ ಶುಕ್ರವಾರ ಬೆಳಿಗ್ಗೆ ಆಕೆ ಆ ಅಂಕಿಯನ್ನು ಒರೆಸಲಿಲ್ಲ. ಬಕೆಟ್ಟು ತಂದು, ಕಲ್ಲಿನ ಮುಂದೆ ನಿಂತು, ಹಾಗೇ ಒಳಗೆ ಹೋದಳು.

ವಾಡಿ ಕಡೆಯಿಂದ ಬಂದ ಪ್ಯಾಸೆಂಜರಿನಲ್ಲಿ ಮಾಸ್ತರರು ಇಸ್ತ್ರಿ ಮಾಡಿದ ಬಿಳಿ ಅಂಗಿ, ಟೋಪಿ ಹಾಕಿಕೊಂಡು, ಆರು ಅಂಕಪಟ್ಟಿಗಳನ್ನು ಎದೆಗೆ ಅವಚಿಕೊಂಡು ಕೂತರು. ಮಳಖೇಡ ದಾಟುವಾಗ ಕಾಗಿಣಾ ನದಿ ಕಂಡಿತು, ಆಮೇಲೆ ಸಿಮೆಂಟ್ ಕಾರ್ಖಾನೆಯ ಚಿಮಣಿಗಳು. ಯಾವುದನ್ನೂ ಅವರು ನೋಡಲಿಲ್ಲ, ಪ್ರಿನ್ಸಿಪಾಲರಿಗೆ ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಭಾಷಣ ಹೊಂದಿಸುತ್ತಿದ್ದರು. ಹುಡುಗಿ ಇದೇ ದಾರಿಯಲ್ಲಿ ಮೂರು ವರ್ಷ ಹೋಗಿ ಬಂದಳಲ್ಲ ಎಂಬುದು ಮಾತ್ರ ಒಮ್ಮೆ ನೆನಪಾಯಿತು.

ಕಾಲೇಜಿನಲ್ಲಿ ಪ್ರಿನ್ಸಿಪಾಲರು ಇರಲಿಲ್ಲ. ಪರೀಕ್ಷೆಯ ಕೆಲಸ ನೋಡಿಕೊಳ್ಳುವ ಮೈತ್ರಿ ಎಂಬ ಉಪನ್ಯಾಸಕಿ ಇದ್ದಳು. ಭಂಕೂರದವಳು, ಕಲ್ಲು ಗಣಿಯಲ್ಲಿ ದುಡಿದ ಮನೆತನದವಳು, ಇನ್ನೂ ಮೂವತ್ತು ದಾಟಿರಲಿಲ್ಲ. ಸಿದ್ಧಪಡಿಸಿಕೊಂಡಿದ್ದ ಭಾಷಣವನ್ನು ಮಾಸ್ತರರು ಆಕೆಯ ಮುಂದೆಯೇ ಮಾಡಿದರು. ಮೈತ್ರಿ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡಳು.

"ಕುಂದ್ರಿ ಸರ್," ಎಂದು ಕುರ್ಚಿ ಸರಿಸಿದಳು. "ಕಟ್ಟಿ ಮ್ಯಾಲ ಪೇಪರ್ ಓದಸ್ತಿದ್ದ ಮಾಸ್ತರ್ರು ನೀವೇ ಅಲ್ಲೇನ್ರಿ? ರುಕ್ಸಾರ್ ನಿಮ್ಮ ಸುದ್ದಿ ಭಾಳ ಹೇಳ್ತಾಳ."

ಮಾಸ್ತರರ ಸಿಟ್ಟು ಅರ್ಧ ಇಳಿಯಿತು. ಆಕೆ ಅಂಕಪಟ್ಟಿಗಳನ್ನು ನೋಡಿದಳು, ಅವರು ಚೀಟಿಯಲ್ಲಿ ಬರೆದು ತಂದಿದ್ದ ಭಾಗಾಕಾರವನ್ನೂ ನೋಡಿದಳು. ನಗಲಿಲ್ಲ. ಒಂದು ಮಾತು ಕೇಳಿದಳು. ಒಂದು ಸಣ್ಣ ಚೆರಗಿ ನೀರುಹಾಲು ಇದೆ, ಒಂದು ಕೊಡ ಗಟ್ಟಿಹಾಲು ಇದೆ, ಎರಡನ್ನೂ ಒಂದೇ ಪಾತ್ರೆಗೆ ಸುರಿದರೆ ಅರ್ಧಕ್ಕರ್ಧ ನೀರು ಅನ್ನುತ್ತೀರಾ?

ಇದೇನು ಮಕ್ಕಳಾಟದ ಪ್ರಶ್ನೆ ಎಂದು ಮಾಸ್ತರರು ಮುಖ ಗಂಟಿಕ್ಕಿದರು. ಕೊಡದಷ್ಟು ಹಾಲಿನಲ್ಲಿ ಚೆರಗಿ ನೀರು ಎಷ್ಟು ಮಹಾ ಅಂದರು. ಅನ್ನುತ್ತಿದ್ದಂತೆಯೇ ಅವರ ಕಣ್ಣು ತಾನಾಗಿ ಅಂಕಪಟ್ಟಿಯ ಆ ಸಾಲಿನ ಕಡೆ ಹೋಯಿತು, ರುಕ್ಸಾರ್ ಬೆರಳಿಟ್ಟು ತೋರಿಸಿದ್ದ ಆ ಸಾಲು.

"ಹೌದ್ರಿ ಸರ್. ಕ್ರೆಡಿಟ್ ಅಂದ್ರ ಅದೇ. ಆ ವಿಷಯಕ್ಕ ಹುಡುಗಿ ವಾರಕ್ಕ ಎಷ್ಟು ತಾಸು ಕುಂತಾಳ, ಅಷ್ಟು ತೂಕ. ನೀವು ಆರೂ ಸೆಮಿಸ್ಟರ್ ಒಂದೇ ತೂಕದವು ಅಂತ ಹಿಡದೀರಿ. ಹಂಗಿಲ್ರಿ."

ಮೊದಲ ಸೆಮಿಸ್ಟರಿನಲ್ಲಿ ವಿಷಯಗಳು ಕಡಿಮೆ, ಅದರ ತೂಕ ಇಪ್ಪತ್ತು. ಕೊನೆಯ ಸೆಮಿಸ್ಟರುಗಳದ್ದು ಇಪ್ಪತ್ತಾರು. ಅಂದರೆ ಹುಡುಗಿ ಎಡವಿದ್ದು ಹಗುರಾದ ಕಡೆ, ಗಟ್ಟಿಯಾಗಿ ನಿಂತದ್ದು ಭಾರವಾದ ಕಡೆ. ಹಾಗಾದರೆ ಸರಿಯಾದ ಲೆಕ್ಕ ಎಷ್ಟು ಎಂದು ಮಾಸ್ತರರು ಕೇಳಿದರು. ಕಂಪ್ಯೂಟರಿನಲ್ಲಿ ಹಾಕಿದರೆ ಒಂದು ನಿಮಿಷದ ಕೆಲಸವಾಗಿತ್ತು. ಆದರೆ ಮೈತ್ರಿ ಅವರ ಮುಖ ನೋಡಿ, ಪಕ್ಕದ ಖಾಲಿ ತರಗತಿಗೆ ಕರೆದುಕೊಂಡು ಹೋಗಿ, ಕೈಗೆ ಸೀಮೆಸುಣ್ಣ ಕೊಟ್ಟಳು.

ಎಷ್ಟೋ ವರ್ಷಗಳ ಮೇಲೆ ಮಾಸ್ತರರು ಕರಿಹಲಗೆಯ ಮುಂದೆ ನಿಂತರು. ಮೈತ್ರಿ ಒಂದೊಂದು ವಿಷಯ ಓದಿ ಹೇಳಿದಳು, ಅವರು ಬರೆದರು. ಒಂದೊಂದಕ್ಕೂ ಸಿಕ್ಕ ಪಾಯಿಂಟು, ಅದರ ಪಕ್ಕ ಅದರ ತೂಕ, ಎರಡನ್ನೂ ಗುಣಿಸಿದ್ದು ಅದರ ಪಕ್ಕ. ನಡುವೆ ಅವರ ಹಳೆಯ ಮೊಂಡುತನ ಹೆಡೆ ಎತ್ತಿತು. ಅರವತ್ತು ಅಂಕ ತೆಗೆದವನಿಗೂ ಏಳು ಪಾಯಿಂಟು, ಅರವತ್ತೊಂಬತ್ತು ತೆಗೆದವನಿಗೂ ಏಳು ಪಾಯಿಂಟು ಅಂದರೆ ಇದು ಯಾವ ನ್ಯಾಯ ಎಂದು ಸೀಮೆಸುಣ್ಣ ಹಿಡಿದೇ ಜಗಳಕ್ಕೆ ನಿಂತರು. ಅರವತ್ತೊಂಬತ್ತು ತೆಗೆದವನ ಬೆವರು ಎಲ್ಲಿ ಹೋಯಿತು?

ಮೈತ್ರಿ ಅವರನ್ನೇ ಮರಳಿ ಕೇಳಿದಳು. ಒಂದೇ ಉತ್ತರಪತ್ರಿಕೆಯನ್ನು ಬೆಳಿಗ್ಗೆ ಒಮ್ಮೆ ತಿದ್ದಿ, ಊಟವಾದ ಮೇಲೆ ಇನ್ನೊಮ್ಮೆ ತಿದ್ದಿದರೆ ಅಷ್ಟೇ ಅಂಕ ಬರುತ್ತದೆಯೇ? ಬರುವುದಿಲ್ಲ ಎಂದು ಮಾಸ್ತರಿಕೆ ಮಾಡಿದ ಯಾರಿಗೆ ಗೊತ್ತಿಲ್ಲ? ಒಬ್ಬರ ಕೈಯಲ್ಲಿ ಅರವತ್ತೆರಡು ಆದದ್ದು ಇನ್ನೊಬ್ಬರ ಕೈಯಲ್ಲಿ ಅರವತ್ತಾರು ಆಗುತ್ತದೆ. ಇಷ್ಟರ ಮಟ್ಟಿಗೆ ನಮ್ಮ ಕಣ್ಣು ಮಸುಕು ಎಂದು ಮೊದಲೇ ಒಪ್ಪಿಕೊಂಡು, ಹತ್ತಿರ ಹತ್ತಿರದವರನ್ನೆಲ್ಲ ಒಂದೇ ಸಾಲಿನಲ್ಲಿ ಕೂಡಿಸುವುದು ಈ ಪದ್ಧತಿ ಎಂದಳು ಆಕೆ. ಅಂಚಿನಲ್ಲಿ ನಿಂತವರಿಗೆ ಅನ್ಯಾಯವಾಗುವುದೂ ಉಂಟು, ಇಲ್ಲ ಅನ್ನುವುದಿಲ್ಲ ಎಂದೂ ಸೇರಿಸಿದಳು.

ಮಾಸ್ತರರು ಕರಿಹಲಗೆಯ ಕಡೆ ತಿರುಗಿದರು. ತನಗೆಷ್ಟು ಗೊತ್ತಿಲ್ಲ ಎಂಬುದನ್ನೂ ಲೆಕ್ಕದೊಳಗೆ ಇಟ್ಟುಕೊಂಡ ಲೆಕ್ಕವನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ತಾವು ಇಷ್ಟು ವರ್ಷ ಮುಕ್ಕಾಲನ್ನೂ ಬಿಡದೆ ಬರೆದ ಶೇಕಡಾವಾರುಗಳು ನೆನಪಾದವು. ಆ ಅಂಕಿಗಳು ಎಂಥ ಧೈರ್ಯದಿಂದ ಕಲ್ಲಿನ ಮೇಲೆ ಕೂತಿರುತ್ತಿದ್ದವು.

ಮೊದಲ ಸೆಮಿಸ್ಟರಿನ ಇಂಗ್ಲಿಷ್ ಬಂದಾಗ ಮೈತ್ರಿ, ನಾಲ್ಕು ಪಾಯಿಂಟು ಎಂದಳು. ಅಷ್ಟು ಕಡಿಮೆಯೇ ಎಂದು ಮಾಸ್ತರರು ಕೇಳಿದರು. ಮೊದಲು ಅಲ್ಲಿ ಸೊನ್ನೆ ಇತ್ತು, ರುಕ್ಸಾರ್ ಫೇಲಾಗಿದ್ದಳು, ಅದೊಂದನ್ನೇ ಮರುವರ್ಷ ಬರೆದು ಪಾಸು ಮಾಡಿಕೊಂಡಳು, ಸೊನ್ನೆ ಎದ್ದು ಹೋಗಿ ಆ ಜಾಗದಲ್ಲಿ ನಾಲ್ಕು ಬಂದು ಕೂತಿತು ಎಂದು ಆಕೆ ಹೇಳಿದಳು. ಈ ಸುದ್ದಿ ಮಾಸ್ತರರಿಗೆ ಗೊತ್ತೇ ಇರಲಿಲ್ಲ. ಹುಡುಗಿ ಮುಚ್ಚಿಟ್ಟಿದ್ದಳು.

"ಉಳದ ವಿಷಯ?" ಎಂದು ಕೇಳಿದರು. "ಅವು ಬೀಳಲಿಲ್ಲೇನು ಅದರ ಕೂಡ?"

"ಇಲ್ರಿ ಸರ್. ಅವು ಎಲ್ಲಿದ್ದವೋ ಅಲ್ಲೇ ಇದ್ದವು."

ಮಾಸ್ತರರಿಗೆ ತಮ್ಮ ಪರೀಕ್ಷೆ ನೆನಪಾಯಿತು. ನೌಕರಿ ಮಾಡುತ್ತಲೇ ಖಾಸಗಿಯಾಗಿ ಬಿ.ಎ.ಗೆ ಕಟ್ಟಿದ್ದರು ಅವರು, ಹರೆಯದಲ್ಲಿ. ಕೊನೆಯ ವರ್ಷ ಇಂಗ್ಲಿಷು ಕೈಕೊಟ್ಟಿತು. ಅವತ್ತಿನ ಕಾಯಿದೆಯಲ್ಲಿ ಒಂದು ಹೋದರೆ ಎಲ್ಲ ಹೋದಂತೆ, ಎಲ್ಲವನ್ನೂ ಮತ್ತೆ ಬರೆಯಬೇಕು. ಬರೆಯುವ ಉತ್ಸಾಹ ಉಳಿಯಲಿಲ್ಲ. ಅಂದು ತಾವು ಗೆದ್ದಿದ್ದ ವಿಷಯಗಳು ಯಾವುವು ಎಂಬುದೂ ಈಗ ಅವರಿಗೆ ಮರೆತುಹೋಗಿತ್ತು. ಇಲ್ಲಿ ನೋಡಿದರೆ, ಬಿದ್ದದ್ದು ಬಿದ್ದಲ್ಲೇ ಇದ್ದು, ಎದ್ದ ಮೇಲೆ ತನ್ನ ತೂಕದೊಂದಿಗೆ ಬಂದು ಸಾಲಿಗೆ ಸೇರಿಕೊಳ್ಳುತ್ತದೆ. ಅವರಿಗೆ ಹೊಟ್ಟೆಕಿಚ್ಚಾಗಲಿಲ್ಲ. ಯಾರೋ ಎಲ್ಲೋ ಕೂತು ಹುಡುಗಿಯರ ಮೇಲೆ ಕರುಣೆಯಿಟ್ಟು ಈ ಲೆಕ್ಕ ಕಟ್ಟಿದ್ದಾರೆ ಅನ್ನಿಸಿತು.

ಕರಿಹಲಗೆ ತುಂಬಿತು. ಬಾಗಿಲಲ್ಲಿ ಕೆಲವು ವಿದ್ಯಾರ್ಥಿಗಳು ಬಂದು ನಿಂತಿದ್ದರು, ಟೋಪಿ ಹಾಕಿದ ಮುದುಕರೊಬ್ಬರು ಬಾಯಿಲೆಕ್ಕದಲ್ಲೇ ಸರಸರ ಗುಣಿಸುವುದನ್ನು ನೋಡುತ್ತಾ. ಮಾಸ್ತರರಿಗೆ ಅವರ ಕಡೆ ಲಕ್ಷ್ಯವಿರಲಿಲ್ಲ. ಎಲ್ಲ ಗುಣಾಕಾರ ಕೂಡಿಸಿದಾಗ ಸಾವಿರದ ಇಪ್ಪತ್ತಮೂರು ಬಂತು. ಎಲ್ಲ ತೂಕ ಕೂಡಿಸಿದಾಗ ನೂರ ನಲವತ್ತಾರು. ಇದರಿಂದ ಅದನ್ನು ಭಾಗಿಸಬೇಕು. ನೂರ ನಲವತ್ತಾರ ಏಳಲೆ ಎಷ್ಟು ಎಂದು ಮನಸ್ಸಿನಲ್ಲಿ ಕೇಳಿಕೊಂಡರು. ಸಾವಿರದ ಇಪ್ಪತ್ತೆರಡು. ಭಾಗಲಬ್ಧ ಏಳು ಬರೆದರು. ಕೆಳಗೆ ಶೇಷ ಬರೆದರು.

ಒಂದು.

ಏಳಕ್ಕೆ ಬೇಕಾದದ್ದು ಸಾವಿರದ ಇಪ್ಪತ್ತೆರಡು, ಹುಡುಗಿಯ ಹತ್ತಿರ ಇರುವುದು ಅದಕ್ಕಿಂತ ಒಂದು ಹೆಚ್ಚು. ಮೂರು ವರ್ಷದ ರೈಲು, ಓದು, ಪರೀಕ್ಷೆ, ಎಲ್ಲ ಮುಗಿದ ಮೇಲೆ ಗೆರೆಯ ಆಚೆ ಉಳಿದದ್ದು ಒಂದೇ ಒಂದು. ಮಾಸ್ತರರು ಮೇಲಿನಿಂದ ಕೆಳಗಿನ ತನಕ ಇನ್ನೊಮ್ಮೆ ಕಣ್ಣಾಡಿಸಿದರು. ಎರಡಕ್ಕಿಂತ ಕಡಿಮೆ ತೂಕದ ವಿಷಯವೇ ಇರಲಿಲ್ಲ. ಹಾಗಾದರೆ ಇಲ್ಲಿರುವ ಯಾವುದೇ ಒಂದು ವಿಷಯದಲ್ಲಿ, ಅದು ಎಷ್ಟು ಸಣ್ಣದಿರಲಿ, ಹುಡುಗಿ ಒಂದು ಪಾಯಿಂಟು ಕಳೆದುಕೊಂಡಿದ್ದರೂ ಏಳು ತಪ್ಪುತ್ತಿತ್ತು. ಯಾರೂ ಲಕ್ಷ್ಯ ಕೊಡದ ಪರಿಸರ ವಿಷಯವೂ ಆಕೆಯನ್ನು ಎತ್ತಿ ಹಿಡಿದಿದೆ. ನಾಚಿಕೆಯಿಂದ ಮುಚ್ಚಿಟ್ಟ ಇಂಗ್ಲಿಷಿನ ನಾಲ್ಕೂ ಎತ್ತಿ ಹಿಡಿದಿದೆ.

ಅವರ ಕಣ್ಣು ಮೊದಲ ಸಾಲಿಗೆ ಹೋಯಿತು. ಮೊದಲ ಸೆಮಿಸ್ಟರಿನ ಕನ್ನಡ. ಆ ಬಡ ಸೆಮಿಸ್ಟರಿನಲ್ಲಿ ಎಂಟು ಪಾಯಿಂಟು ಬಂದದ್ದು ಅದೊಂದಕ್ಕೇ.

"ಇದು ಏಳು ಆಗಿದ್ರ?" ಎಂದು ಬೆರಳಿಟ್ಟು ಕೇಳಿದರು. ಉತ್ತರ ಅವರಿಗೇ ಗೊತ್ತಿತ್ತು.

"ಆಗಿದ್ರ ಆ ಒಂದು ಇರ್ತಿರಲಿಲ್ರಿ ಸರ್," ಎಂದಳು ಮೈತ್ರಿ. ಆಮೇಲೆ ದನಿ ತಗ್ಗಿಸಿ ಹೇಳಿದಳು. "ಆ ಎಂಟು ನಿಮ್ಮ ಕಟ್ಟಿದೇ ಅಲ್ಲೇನ್ರಿ?"

ಮಾಸ್ತರರು ಬೆಂಚಿನ ಮೇಲೆ ಕೂತುಬಿಟ್ಟರು. ತಾವೇ ಕಲಿಸಿದ ಅಕ್ಷರ ಹುಡುಗಿಯನ್ನು ಗೆರೆ ದಾಟಿಸಿತ್ತು, ತಾವೇ ಬರೆದ ಅಂಕಿ ನಿನ್ನೆ ಆಕೆಯನ್ನು ಈಚೆಗೆ ದಬ್ಬಿತ್ತು. ಕಣ್ಣು ತುಂಬಿ ಬಂದವು. ಟೋಪಿ ತೆಗೆದು ಮುಖ ಒರೆಸಿಕೊಂಡರು, ಬಾಗಿಲಲ್ಲಿ ಮಂದಿ ಇದ್ದಾರೆ ಎನ್ನುವುದನ್ನೂ ಲೆಕ್ಕಿಸಲಿಲ್ಲ. ಇಷ್ಟು ದೊಡ್ಡ ಸಂಗತಿ ಇಷ್ಟು ಸಣ್ಣ ಅಂಕಿಯೊಳಗೆ ಹೇಗೆ ಕೂತಿತ್ತು ಎಂದು ಅವರಿಗೆ ತಿಳಿಯದೇ ಹೋಯಿತು.

ಮೈತ್ರಿ ಕಂಪ್ಯೂಟರಿನಲ್ಲಿ ಹಾಕಿ ನೋಡಿದಳು, ಏಳು ಪಾಯಿಂಟ್ ಸೊನ್ನೆ ಒಂದು ಎಂದು ಬಂತು. ರುಕ್ಸಾರ್ ತನಗೊಂದು ಫೋನ್ ಮಾಡಿದ್ದರೆ ಸಾಕಾಗಿತ್ತಲ್ಲ ಎಂದು ಪೇಚಾಡಿಕೊಂಡಳು. ಆಕೆಗೆ ಗೊತ್ತಿಲ್ಲದೆ ಇರಲಿಲ್ಲ, ಸಾಲು ತೋರಿಸಿದ್ದಳು, ನಾನೇ ಬಾಯಿ ಮುಚ್ಚಿಸಿದೆ ಎಂದರು ಮಾಸ್ತರರು. ಮೈತ್ರಿ ಕಾಲೇಜಿನ ಹೆಸರಿನ ಕಾಗದದಲ್ಲಿ ಆ ಸರಾಸರಿ ಬರೆದು, ಮಧ್ಯಾಹ್ನ ಪ್ರಿನ್ಸಿಪಾಲರು ಬಂದ ಮೇಲೆ ಸಹಿ, ಮುದ್ರೆ ಹಾಕಿಸಿಕೊಟ್ಟಳು. ಮಾಸ್ತರರು ಎರಡೂ ಕೈ ಚಾಚಿ ತೆಗೆದುಕೊಂಡರು.

ಊರಿಗೆ ಬಂದಾಗ ಓಣಿಯಲ್ಲಿ ಬಿಸಿಲು ಇಳಿಯುತ್ತಿತ್ತು. ಮನೆಯೊಳಗೆ ಕಾಲಿಡದೆ, ಹಸಿಮೆಣಸಿನಕಾಯಿ ಎಲ್ಲಿ ಎಂದು ಕೇಳಿದ ಚಂದಮ್ಮನಿಗೆ ಉತ್ತರಿಸದೆ, ಅವರು ಬಕೆಟ್ಟಿನಿಂದ ಒದ್ದೆ ಬಟ್ಟೆ ಎತ್ತಿಕೊಂಡರು. ನಿನ್ನೆಯ ಅಂಕಿ ಕಲ್ಲಿನ ಮೇಲೆ ಹಾಗೇ ಇತ್ತು. ತಾವೇ ಬಗ್ಗಿ ಅದನ್ನು ಒರೆಸಿದರು. ಮಾಸ್ತರರು ಕಲ್ಲು ಒರೆಸುವುದನ್ನು ಓಣಿಯವರು ಹಿಂದೆಂದೂ ಕಂಡಿರಲಿಲ್ಲ. ಒಬ್ಬೊಬ್ಬರಾಗಿ ಹೊರಗೆ ಬಂದರು. ಎದುರು ಮನೆಯ ಬಾಗಿಲಲ್ಲಿ ರುಕ್ಸಾರ್ ಶಾಲೆಗೆ ಉಟ್ಟುಕೊಂಡು ಹೋಗಬೇಕಾದ ಸೀರೆಗೆ ಫಾಲ್ ಹಚ್ಚುತ್ತಾ ಕೂತಿದ್ದಳು.

"ಬಾ ಯವ್ವಾ ಇಲ್ಲಿ," ಎಂದು ಕರೆದರು. "ನನ್ನ ಲೆಕ್ಕ ತಪ್ಪಿತ್ತು."

ರುಕ್ಸಾರ್ ಸೂಜಿ ಸಿಕ್ಕಿಸಿಟ್ಟು ಎದ್ದು ಬಂದಳು. ಮಾಸ್ತರರು ಫರ್ಸಿಯ ಮೇಲೆ ಕೂತು ಮೊದಲಿನಿಂದ ಬರೆಯತೊಡಗಿದರು, ಎಲ್ಲ ವಿಷಯಗಳನ್ನೂ, ಎಲ್ಲ ತೂಕಗಳನ್ನೂ. ಒಂದು ಕಲ್ಲು ಸಾಲದೆ ಪಕ್ಕದ ಕಲ್ಲಿಗೆ ಹೋದರು, ಅದೂ ಸಾಲದೆ ಮೂರನೆಯದಕ್ಕೆ. ಇಂಗ್ಲಿಷಿನ ಸಾಲು ಬಂದಾಗ ಹುಡುಗಿ ತಲೆ ತಗ್ಗಿಸಿದಳು. ಮಾಸ್ತರರು ಆ ನಾಲ್ಕನ್ನು ಉಳಿದವಕ್ಕಿಂತ ಸ್ವಲ್ಪ ದಪ್ಪಗೆ ಬರೆದು ಮುಂದೆ ಹೋದರು. ಕೊನೆಯ ಗೆರೆ ಎಳೆದ ಮೇಲೆ ಸೀಮೆಸುಣ್ಣವನ್ನು ಆಕೆಯ ಕೈಗೆ ಕೊಟ್ಟರು. ಆಕೆ ಏಳು ಎಂದು ಬರೆದಳು, ಕೆಳಗೆ ಒಂದು ಎಂದು ಬರೆದಳು. ಬರೆದ ಮೇಲೆ ಅದು ಏನೆಂದು ಆಕೆಗೆ ಹೊಳೆಯಿತು.

"ಆ ಒಂದು ಯಾವುದರದ್ರಿ ಮಾಸ್ತರ್ರಿ?" ಎಂದು ಕೇಳಿದಳು.

"ನಾನೂ ಗಾಡ್ಯಾಗ ಕುಂತು ಅದನ್ನೇ ಹುಡುಕಾಕತ್ತಿದ್ದೆ. ಎಲ್ಲಾದ್ರದ್ದೂ ಅದ ಯವ್ವಾ. ಯಾವುದನ್ನ ತೆಗದ್ರೂ ಅದು ಇರಲ್ಲ."

ರುಕ್ಸಾರ್ ಅಲ್ಲೇ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಅರ್ಜಿ ತುಂಬಿದಳು, ಸರಾಸರಿಯ ಜಾಗದಲ್ಲಿ ಏಳು ಪಾಯಿಂಟ್ ಸೊನ್ನೆ ಒಂದು ಎಂದು ಹಾಕಿ, ಕಾಲೇಜಿನ ಕಾಗದದ ಫೋಟೋ ತೆಗೆದು ಲಗತ್ತಿಸಿದಳು. ಅರ್ಜಿ ಸೇರಿದೆ ಎಂದು ಮೊಬೈಲು ಹೇಳುವ ತನಕ ಯಾರೂ ಕದಲಲಿಲ್ಲ.

ಆಗ ಅಮೀರ್‌ಬೀ ಮುಂದೆ ಬಂದಳು. ಶಹಾಬಾದಿನ ಶಾಲೆಗೆ ಬರುವುದಿಲ್ಲ ಎಂದು ನಾಳೆ ಹೇಳಿ ಬರುತ್ತೇನೆ ಎಂದಳು, ಯಾರಿಗೆಂದಿಲ್ಲದೆ. ನಿನ್ನೆಯ ಗಂಟು ಓಢಣಿಯಲ್ಲಿ ಬಿಚ್ಚದೆ ಹಾಗೇ ಇತ್ತು. ಕಲ್ಲಿನ ಮೇಲೆ ಇಷ್ಟೊಂದು ಅಂಕಿ ಕಂಡು ಆಕೆಗೆ ಸಕ್ಕರೆ ಎಲ್ಲಿ ಹಾಕಬೇಕೆಂದು ತಿಳಿಯಲಿಲ್ಲ. ಮಾಸ್ತರರು ಏಳರ ಸುತ್ತ ಚೌಕ ಹಾಕುವುದನ್ನೇ ಮರೆತಿದ್ದರು. ಎಲ್ಲಿ ಹಾಕಲಿ ಎನ್ನುವಂತೆ ಆಕೆ ಅವರ ಮುಖ ನೋಡಿದಳು. ಅವರು ಏಳನ್ನು ಬಿಟ್ಟು, ಕೆಳಗಿದ್ದ ಆ ಒಂದನ್ನು ತೋರಿಸಿದರು. ಅಮೀರ್‌ಬೀ ಮಂಡಿಯೂರಿ, ಚಿಟಿಕೆಯಷ್ಟಲ್ಲ, ಪೊಟ್ಟಣದಲ್ಲಿದ್ದ ಸಕ್ಕರೆಯನ್ನೆಲ್ಲ ಅದರ ಮೇಲೆ ಸುರಿದಳು. ಅಂಕಿ ಪೂರ್ತಿ ಮುಚ್ಚಿಹೋಯಿತು.

ಮರುದಿನ ಬೆಳಿಗ್ಗೆ ಚಂದಮ್ಮ ಬಕೆಟ್ಟು ತಂದಾಗ ಮಾಸ್ತರರು ಆಗಲೇ ಕಟ್ಟೆಯ ಮೇಲಿದ್ದರು. ಇರುವೆಗಳ ಸಾಲು ಮೂರು ಕಲ್ಲು ದಾಟಿ, ಕನ್ನಡದ ಎಂಟನ್ನೂ ಇಂಗ್ಲಿಷಿನ ನಾಲ್ಕನ್ನೂ ಹಾಯ್ದು ಅಲ್ಲಿಗೆ ಹೋಗುತ್ತಿತ್ತು. ಸಕ್ಕರೆ ಇನ್ನೂ ಅರ್ಧ ಉಳಿದಿತ್ತು. ಅದು ಮುಗಿಯುವ ತನಕ ನೀರು ಹಾಕಬೇಡ ಎಂದು ಮಾಸ್ತರರು ಹೆಂಡತಿಗೆ ಕೈ ಸನ್ನೆ ಮಾಡಿದರು. ಚಂದಮ್ಮ ಬಕೆಟ್ಟು ಕೆಳಗಿಟ್ಟು ಅವರ ಪಕ್ಕ ಕೂತಳು.